ಶಾಲೆಯ ಸ್ವಮೌಲ್ಯಮಾಪನ: ನಮೂನೆಯಿಂದ ತರಗತಿಯವರೆಗೆ

ಶಾಲೆ ತನ್ನನ್ನು ತಾನೇ ಅಳೆದುಕೊಳ್ಳುವ ‘ಶಾಲಾ ಸಿದ್ಧಿ’ಯ ನಮೂನೆ ಹಲವು ಶಾಲೆಗಳಲ್ಲಿ ಒಂದೇ ಮಧ್ಯಾಹ್ನದಲ್ಲಿ ತುಂಬಿ ಮುಗಿಯುತ್ತದೆ. ಮುಖ್ಯಗುರುಗಳು ಓದುತ್ತಾರೆ, ಕಂಪ್ಯೂಟರ್ ಬಲ್ಲ ಶಿಕ್ಷಕರೊಬ್ಬರು ಒತ್ತುತ್ತ ಹೋಗುತ್ತಾರೆ, ಮೂರು ಹಂತಗಳಲ್ಲಿ ಬಹುಪಾಲು ಕಡೆ ನಡುವಿನ ‘ಹಂತ 2’ ಬೀಳುತ್ತದೆ. ಹಂತ 1 ಹಾಕಿದರೆ ಯಾಕೆ ಎಂದು ಕೇಳುತ್ತಾರೆ, 3 ಹಾಕಿದರೆ ತೋರಿಸಿ ಅನ್ನುತ್ತಾರೆ, 2 ಹಾಕಿದರೆ ಯಾರ ತಕರಾರೂ ಇಲ್ಲ. ಮುಂದಿನ ವರ್ಷ ಅದೇ ಅಂಕಿಗಳು ಮತ್ತೆ ಬರುತ್ತವೆ. ನಡುವೆ ಐದನೇ ತರಗತಿಗೆ ಕಾಲಿಟ್ಟ ಮಗು ಎರಡನೇ ತರಗತಿಯ ಪಾಠ ಓದಲಾರದೆ ಕೂತಿರುತ್ತದೆ.

2015ರಲ್ಲಿ ಆಗಿನ ನ್ಯೂಪಾ (ರಾಷ್ಟ್ರೀಯ ಶೈಕ್ಷಣಿಕ ಯೋಜನೆ ಮತ್ತು ಆಡಳಿತ ವಿಶ್ವವಿದ್ಯಾಲಯ) ಸಂಸ್ಥೆ ರೂಪಿಸಿದ ಈ ಚೌಕಟ್ಟಿನಲ್ಲಿ 7 ಕ್ಷೇತ್ರಗಳಿವೆ, ಒಟ್ಟು 46 ಮಾನದಂಡಗಳಿವೆ, ಪ್ರತಿಯೊಂದಕ್ಕೂ ಮೂರು ಹಂತಗಳ ವಿವರಣೆ ಇದೆ. ಚೌಕಟ್ಟು ಕೆಟ್ಟದ್ದಲ್ಲ. ಕಟ್ಟಡ, ನೀರು, ಬೋಧನೆ, ಮಕ್ಕಳ ಪ್ರಗತಿ, ಶಿಕ್ಷಕರ ಬೆಳವಣಿಗೆ, ನಾಯಕತ್ವ, ಸುರಕ್ಷತೆ, ಊರಿನ ಪಾಲ್ಗೊಳ್ಳುವಿಕೆ ಎಲ್ಲವನ್ನೂ ಅದು ಕೇಳುತ್ತದೆ. ತೊಂದರೆ ಇರುವುದು 46ನ್ನೂ ಒಂದೇ ತೂಕದಲ್ಲಿ ನೋಡುವುದರಲ್ಲಿ. ಎಲ್ಲವನ್ನೂ ಪ್ರಾಮಾಣಿಕವಾಗಿ ತುಂಬಿ. ಆದರೆ ಕೆಲಸಕ್ಕೆ ಇಳಿಯುವಾಗ ಎರಡೇ ಎರಡನ್ನು ಹಿಡಿದು, ಅವುಗಳ ಕಾರಣ ಮಕ್ಕಳ ನೋಟುಪುಸ್ತಕದಲ್ಲಿ ಸಿಗುವವರೆಗೆ ಬಿಡಬೇಡಿ. ರಾಯಚೂರು, ಕೊಪ್ಪಳ, ಬಳ್ಳಾರಿ ಜಿಲ್ಲೆಗಳ ಸರಕಾರಿ ಪ್ರಾಥಮಿಕ ಶಾಲೆಗಳಲ್ಲಿ ಅದನ್ನು ಹೇಗೆ ಮಾಡಬಹುದು ಎಂಬುದು ಮುಂದಿದೆ.

ಯಾರು, ಯಾವಾಗ

ನಾಲ್ಕರಿಂದ ಆರು ಜನರ ಗುಂಪು ಸಾಕು. ಮುಖ್ಯಗುರು, ಚಿಕ್ಕ ತರಗತಿಗಳ ಚಟುವಟಿಕೆ ಕಲಿಕೆಯಾದ ನಲಿ-ಕಲಿ ನಡೆಸುವ ಶಿಕ್ಷಕಿ, ಮೇಲಿನ ತರಗತಿಗಳ ಒಬ್ಬ ಶಿಕ್ಷಕ, ಎಸ್‌ಡಿಎಂಸಿಯಿಂದ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇಬ್ಬರು ಪಾಲಕರು. ಆ ಇಬ್ಬರಲ್ಲಿ ಒಬ್ಬರು ತಾಯಿ ಇರಲೇಬೇಕು, ಅವರ ಮಗು ಈಗ ಇದೇ ಶಾಲೆಯಲ್ಲಿ ಓದುತ್ತಿರಬೇಕು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಅಭಿವೃದ್ಧಿ ಯೋಜನೆ ತಯಾರಿಸುವ ಹೊಣೆಯೇ ಈ ಸಮಿತಿಯದು, ಅದರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಮನೆಗೆ ರಿಜಿಸ್ಟರ್ ಕಳಿಸಿ ಸಹಿ ತರಿಸಿಕೊಂಡರೆ ಅದು ಪಾಲ್ಗೊಳ್ಳುವಿಕೆ ಆಗುವುದಿಲ್ಲ. ಅತಿಥಿ ಶಿಕ್ಷಕರಿದ್ದರೆ ಅವರನ್ನೂ ಕೂಡಿಸಿಕೊಳ್ಳಿ. ಹಲವು ಶಾಲೆಗಳಲ್ಲಿ ಗಣಿತವನ್ನೋ ಇಂಗ್ಲಿಷನ್ನೋ ಕಲಿಸುವವರು ಅವರೇ, ಅವರನ್ನು ಬಿಟ್ಟು ಬರೆದ ಯೋಜನೆ ಆ ತರಗತಿಗೆ ಹೋಗುವುದೇ ಇಲ್ಲ.

ಕೆಲಸವನ್ನು ಜೂನ್‌ನಲ್ಲಿ ಸೇತುಬಂಧ (ಹಿಂದಿನ ತರಗತಿಯ ಕಲಿಕೆಯನ್ನು ಮರಳಿ ಗಟ್ಟಿ ಮಾಡುವ ಆರಂಭದ ಪಾಠಗಳು) ಮುಗಿಯುತ್ತಿದ್ದಂತೆ ಶುರು ಮಾಡಿ. ಸೇತುಬಂಧದ ಪೂರ್ವಪರೀಕ್ಷೆಯ ಹಾಳೆಗಳು ಕೈಯಲ್ಲೇ ಇರುತ್ತವೆ, ಅವನ್ನು ಕಟ್ಟಿ ಅಲಮಾರಿಗೆ ಹಾಕುವ ಮೊದಲು ಬಳಸಿಕೊಳ್ಳಿ. ಎರಡು ವಾರ ಇಟ್ಟುಕೊಳ್ಳಿ: ಮೊದಲ ವಾರ ಸಾಕ್ಷ್ಯ ಸೇರಿಸಲು, ಎರಡನೇ ವಾರ ಹಂತ ನಿರ್ಧರಿಸಲು. ಶಾಲಾ ಸಿದ್ಧಿಯ ಪೋರ್ಟಲ್‌ನಲ್ಲಿ ತುಂಬುವುದು ಕೊನೆಯ ದಿನದ ಕೆಲಸ.

ಕ್ಯಾಲೆಂಡರ್ ಹಾಕುವಾಗ ಊರಿನ ಬೆಳೆಯನ್ನೂ ನೋಡಿ. ಸಿಂಧನೂರು, ಕಾರಟಗಿ, ಗಂಗಾವತಿ, ಸಿರುಗುಪ್ಪದ ಕಡೆ ಕಾಲುವೆಗೆ ನೀರು ಬಿಟ್ಟು ಭತ್ತದ ನಾಟಿ ಶುರುವಾದರೆ ದೊಡ್ಡ ಮಕ್ಕಳು ತಮ್ಮ ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲಿ ಉಳಿಯುತ್ತಾರೆ. ಹತ್ತಿ ಬಿಡಿಸುವಾಗ, ಮೆಣಸಿನಕಾಯಿ ಹರಿಯುವಾಗ ಅದೇ ಕತೆ. ದೇವದುರ್ಗ, ಲಿಂಗಸುಗೂರು, ಕುಷ್ಟಗಿಯ ಮಳೆಯಾಶ್ರಿತ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಕುಟುಂಬಗಳು ಗುಳೆ ಹೋಗುತ್ತವೆ. ಹಾಗಾಗಿ ನಾಟಿಯ ದಿನಗಳನ್ನು ನೋಡಿಕೊಂಡು ಸುಧಾರಣೆಯ ಮೊದಲ ಸುತ್ತು ಜುಲೈ ಮತ್ತು ಆಗಸ್ಟ್‌ನಲ್ಲಿ, ಎರಡನೇ ಸುತ್ತು ದಸರಾ ರಜೆ ಮುಗಿದ ಕೂಡಲೇ ಇರಲಿ. ಜನವರಿಗೆ ತಳ್ಳಿದ ಕೆಲಸ ಪರೀಕ್ಷೆಯ ಗದ್ದಲದಲ್ಲಿ ಮುಳುಗುತ್ತದೆ.

ಹಂತಕ್ಕಿಂತ ಮೊದಲು ಸಾಕ್ಷ್ಯ

ಇದೊಂದು ನಿಯಮವನ್ನು ಬಿಗಿಯಾಗಿ ಹಿಡಿಯಿರಿ: ಕಣ್ಣಿಗೆ ಕಾಣುವ ಸಾಕ್ಷ್ಯ ಇಲ್ಲದೆ ಯಾವ ಮಾನದಂಡಕ್ಕೂ ಹಂತ ಬರೆಯುವಂತಿಲ್ಲ. ಪ್ರತಿಯೊಂದಕ್ಕೂ ಒಂದು ದಾಖಲೆ, ಒಂದು ನೇರ ನೋಟ, ಒಬ್ಬ ಮಗುವಿನ ಅಥವಾ ಪಾಲಕರ ಮಾತು, ಹೀಗೆ ಮೂರು ಮೂಲ ಹುಡುಕಿ. ಮೂರೂ ಒಂದೇ ಹೇಳಿದರೆ ಹಂತ ತಾನೇ ತಿಳಿಯುತ್ತದೆ. ಬೇರೆಬೇರೆ ಹೇಳಿದರೆ, ಸುಧಾರಣೆ ಬೇಕಾದ ಜಾಗ ಅದೇ ಇರಬಹುದು.

ಸಂಪನ್ಮೂಲಗಳ ಕ್ಷೇತ್ರದಲ್ಲಿ ‘ಇದೆಯೇ’ ಎಂಬ ಪ್ರಶ್ನೆ ಬೇರೆ, ‘ಬಳಕೆಗೆ ಬರುತ್ತಿದೆಯೇ’ ಎಂಬ ಪ್ರಶ್ನೆ ಬೇರೆ. ಶೌಚಾಲಯ ಯುಡೈಸ್‌ನಲ್ಲಿ (ಶಾಲೆಗಳ ಸರಕಾರಿ ಅಂಕಿಅಂಶ ದಾಖಲೆ) ಇರುತ್ತದೆ. ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ನೋಡಿ: ಒಳಗಿನ ಚಿಲಕ ಬೀಳುತ್ತದೆಯೇ, ಬಕೆಟ್‌ನಲ್ಲಿ ನೀರಿದೆಯೇ, ಬೀಗದ ಕೈ ಯಾರ ಬಳಿ ಇದೆ. ಏಳನೇ ತರಗತಿಯ ಹುಡುಗಿ ಬೀಗದ ಕೈ ಕೇಳಲು ಗಂಡು ಶಿಕ್ಷಕರ ಹತ್ತಿರ ಹೋಗಬೇಕಿದ್ದರೆ ಆಕೆ ಹೋಗುವುದಿಲ್ಲ, ನೀರು ಕುಡಿಯುವುದನ್ನೇ ಬಿಡುತ್ತಾಳೆ. ಇದಕ್ಕೆ ಹಂತ 3 ಬರೆಯಲು ಯಾವ ಮನಸ್ಸೂ ಒಪ್ಪಬಾರದು. ಕುಡಿಯುವ ನೀರಿನ ಘಟಕವಿದ್ದರೆ ಫಿಲ್ಟರ್ ಬದಲಿಸಿದ ತಾರೀಖು ಕೇಳಿ. ಈ ಮೂರೂ ಜಿಲ್ಲೆಗಳಲ್ಲಿ ಫ್ಲೋರೈಡ್ ಇರುವ ಕೊಳವೆಬಾವಿಗಳಿವೆ, ಘಟಕ ನಿಂತಿದ್ದರೆ ಅದು ಬರೀ ಅಂಕದ ಮಾತಲ್ಲ.

ಸುರಕ್ಷತೆಗೆ ಮಕ್ಕಳ ಕೈಯಲ್ಲೇ ಶಾಲೆಯ ನಕ್ಷೆ ಬರೆಸಿ, ಹೆದರಿಕೆಯಾಗುವ ಜಾಗಕ್ಕೆ ಕೆಂಪು ಗುರುತು ಹಾಕಿಸಿ. ಅರ್ಧ ಗಂಟೆಯ ಕೆಲಸ. ಸಂಡೂರಿನ ಅದಿರು ಲಾರಿಗಳ ರಸ್ತೆಯ ಪಕ್ಕದ ಶಾಲೆಯಲ್ಲಿ ಆ ಕೆಂಪು ಗುರುತು ಕಾಂಪೌಂಡಿನ ಹೊರಗೆ ಬೀಳಬಹುದು. ದೊಡ್ಡವರ ಪಟ್ಟಿಗೆ ಆ ಜಾಗ ಬರುವುದೇ ಅಪರೂಪ.

ಹಾಜರಾತಿ ನೋಡುವಾಗ ಸರಾಸರಿಯನ್ನು ನಂಬಬೇಡಿ. 30 ಮಕ್ಕಳ ತರಗತಿ, ತಿಂಗಳಿಗೆ 24 ಶಾಲಾ ದಿನ ಅಂದುಕೊಳ್ಳಿ. ಪೂರ್ಣ ಹಾಜರಿ 720. ರಿಜಿಸ್ಟರ್‌ನಲ್ಲಿ 576 ಇದ್ದರೆ ಶೇ 80. ಇದು 24 ಮಕ್ಕಳು ಒಂದು ದಿನವೂ ತಪ್ಪಿಸದೆ ಬಂದು, 6 ಮಕ್ಕಳು ಇಡೀ ತಿಂಗಳು ಬಾರದೆ ಇದ್ದುದರಿಂದ ಆಗಿರಬಹುದು. ಎಲ್ಲರೂ ತಿಂಗಳಲ್ಲಿ ಸುಮಾರು ಐದು ದಿನ ತಪ್ಪಿಸಿದ್ದರಿಂದಲೂ ಆಗಿರಬಹುದು. ಮೊದಲನೆಯದರಲ್ಲಿ ಆ ಆರು ಮನೆಗಳಿಗೆ ಹೋಗಬೇಕು, ಗುಳೆ ಹೋಗುವ ಮನೆಯಾದರೆ ಮಗುವನ್ನು ಅಜ್ಜಿಯ ಹತ್ತಿರ ಬಿಡುವುದೋ ಋತುಮಾನದ ವಸತಿ ಕೇಂದ್ರಕ್ಕೆ ಸೇರಿಸುವುದೋ ಎಂದು ಹೊರಡುವ ಮೊದಲೇ ಮಾತಾಡಬೇಕು. ಎರಡನೆಯದರಲ್ಲಿ ವಾರದ ಯಾವ ದಿನ ತಪ್ಪುತ್ತದೆ ಎಂದು ಹುಡುಕಬೇಕು. ಅದು ಸಂತೆಯ ದಿನವಾಗಿದ್ದರೆ ಆ ದಿನದ ವೇಳಾಪಟ್ಟಿಯನ್ನು ನೀವೇ ಬದಲಿಸಬಹುದು. ಎರಡಕ್ಕೂ ‘ಹಾಜರಾತಿ ಆಂದೋಲನ ಹಮ್ಮಿಕೊಳ್ಳುವುದು’ ಎಂದು ಬರೆದರೆ ಎರಡೂ ಹಾಗೇ ಉಳಿಯುತ್ತವೆ.

ಭಿನ್ನಾಭಿಪ್ರಾಯ ಬಂದಾಗ

ಎರಡನೇ ವಾರದ ಸಭೆಯಲ್ಲಿ ಮಾತಿಗೆ ಮೊದಲು ಪ್ರತಿಯೊಬ್ಬರೂ ತಮ್ಮ ಹಂತವನ್ನು ಚೀಟಿಯಲ್ಲಿ ಬರೆದಿಡಲಿ. ಮುಖ್ಯಗುರು ಮೊದಲು ಬಾಯಿಬಿಟ್ಟರೆ ಉಳಿದವರೆಲ್ಲ ಅದೇ ಹೇಳುತ್ತಾರೆ. ಇದು ಗೌರವದಿಂದ ಆಗುವುದೇ, ಆದರೂ ನಿಜ ಅಲ್ಲಿಗೇ ನಿಲ್ಲುತ್ತದೆ. ಚೀಟಿ ತೆರೆದಾಗ ಒಬ್ಬರದು 3, ಇನ್ನೊಬ್ಬರದು 1 ಬಂದರೆ ‘2 ಹಾಕೋಣ ಬಿಡ್ರಿ’ ಎನ್ನಬೇಡಿ. ಎದ್ದು ಹೋಗಿ ಸಾಕ್ಷ್ಯ ನೋಡಿ ಬನ್ನಿ. ಗ್ರಂಥಾಲಯಕ್ಕೆ ಶಿಕ್ಷಕರು 3 ಕೊಟ್ಟಿರುತ್ತಾರೆ, 400 ಪುಸ್ತಕ ಇವೆ. ತಾಯಿ 1 ಕೊಟ್ಟಿರುತ್ತಾಳೆ, ಮನೆಗೆ ಒಂದೂ ಬಂದಿಲ್ಲ. ವಿತರಣಾ ವಹಿ ತೆಗೆದರೆ ಯಾರು ಸರಿ ಎಂದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಅನುದಾನ ಬರಲಿ ಎಂದು ಎಲ್ಲಕ್ಕೂ ಹಂತ 1 ಬರೆಯುವವರೂ ಇದ್ದಾರೆ. ಅದರಿಂದ ನಿಮ್ಮ ಶಾಲೆಯಲ್ಲಿ ನಿಜಕ್ಕೂ ತುರ್ತು ಯಾವುದು ಎಂಬುದು ಬಾಹ್ಯ ಮೌಲ್ಯಮಾಪಕರಿಗೂ ತಿಳಿಯುವುದಿಲ್ಲ, ನಿಮಗೂ ತಿಳಿಯುವುದಿಲ್ಲ.

ಎರಡನ್ನು ಆರಿಸಿ

ಪಟ್ಟಿ ಮುಂದಿಟ್ಟುಕೊಂಡು ಮೂರು ಪ್ರಶ್ನೆ ಕೇಳಿ. ಇದು ಮಕ್ಕಳ ಕಲಿಕೆಗೆ ನೇರವಾಗಿ ತಟ್ಟುತ್ತದೆಯೇ? ಬೇರೆಯವರ ಆದೇಶ ಇಲ್ಲದೆ ನಾವೇ ಶುರು ಮಾಡಬಹುದೇ? ಎಂಟು ವಾರದಲ್ಲಿ ಬದಲಾವಣೆ ಕಾಣುತ್ತದೆಯೇ? ಮೂರಕ್ಕೂ ಹೌದು ಅನ್ನುವಂಥದ್ದು ಒಂದು ಇರಲೇಬೇಕು, ಅದು ಕಲಿಕೆಯದೇ ಆಗಿರಬೇಕು. ಎರಡನೆಯದು ಶೌಚಾಲಯವೋ ಹಾಜರಾತಿಯೋ ಆಗಬಹುದು. ಹೊಸ ಕೊಠಡಿ, ಕಾಂಪೌಂಡ್ ಬೇಡಿಕೆಗಳನ್ನು ಬೇರೆ ಹಾಳೆಯಲ್ಲಿ ಬರೆದು ಗ್ರಾಮ ಪಂಚಾಯಿತಿಗೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಕೊಡಿ, ಸ್ವೀಕೃತಿ ಇಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾಮಗಾರಿಗೆ ಶಾಸಕರ ಮೂಲಕ ಮನವಿ ಕೊಡುವುದಿದ್ದರೂ ಇದೇ ಹಾಳೆ ಸಾಕು. ಆದರೆ ಅದನ್ನು ಸುಧಾರಣಾ ಯೋಜನೆಯ ಮೊದಲ ಸಾಲಿಗೆ ತರಬೇಡಿ, ತಂದರೆ ಇಡೀ ವರ್ಷ ಕಾಯುವುದರಲ್ಲೇ ಹೋಗುತ್ತದೆ. ಶಾಲಾ ಅನುದಾನದಲ್ಲಿ ಕನಿಷ್ಠ ಶೇ 10 ಸ್ವಚ್ಛತೆಗೆ ಇರುತ್ತದೆ. ಚಿಲಕ, ಬಕೆಟ್, ನಲ್ಲಿಯಂಥ ಕೆಲಸ ಅದರಲ್ಲೇ ಮುಗಿಯುತ್ತದೆ.

ಕಾರಣ ಹುಡುಕುವುದು

ಹೆಚ್ಚಿನ ಯೋಜನೆಗಳು ಸೋಲುವುದು ಇಲ್ಲೇ, ಆದ್ದರಿಂದ ಇದಕ್ಕೆ ಹೆಚ್ಚು ಸಮಯ ಕೊಡಿ. ‘ಗಣಿತದಲ್ಲಿ ಹಿಂದುಳಿದಿದ್ದಾರೆ’ ಎಂಬುದು ಕಾರಣವಲ್ಲ. ವರ್ಷದ ನಡುನಡುವೆ ನಡೆಯುವ ರೂಪಣಾತ್ಮಕ ಪರೀಕ್ಷೆಯ ಅಂಕವೂ ಕಾರಣ ಹೇಳುವುದಿಲ್ಲ. ಹಾಳೆಯ ಮೇಲಿನ ತಪ್ಪು ಉತ್ತರ ಹೇಳುತ್ತದೆ.

ಐದನೇ ತರಗತಿಗೆ ಎಂಟು ಕಳೆಯುವ ಲೆಕ್ಕ ಕೊಡಿ: ಎರಡು ದಶಕ ತೆಗೆದುಕೊಳ್ಳಬೇಕಿಲ್ಲದ್ದು, ಎರಡು ಒಂದೇ ಕಡೆ ದಶಕ ತೆಗೆದುಕೊಳ್ಳುವಂಥದ್ದು, ಎರಡು ನಡುವೆ ಸೊನ್ನೆ ಇರುವಂಥದ್ದು, ಎರಡು ಮಾತಿನ ಲೆಕ್ಕ. ನಡುವೆ ಸೊನ್ನೆ ಇರುವ 502 – 178ನ್ನೇ ನೋಡಿ. ಸರಿ ಉತ್ತರ 324. ತಪ್ಪು ಉತ್ತರಗಳು ಮೂರು ಗುಂಪಾಗಿ ಬೀಳುವುದು ಹೆಚ್ಚು.

476 ಬರೆದ ಮಗು ಮೇಲೆ ಯಾವುದು ಕೆಳಗೆ ಯಾವುದು ನೋಡದೆ ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ: 8ರಿಂದ 2, 7ರಿಂದ 0, 5ರಿಂದ 1. ಈ ಮಗುವಿಗೆ ದಶಕ ತೆಗೆದುಕೊಳ್ಳುವುದೇ ಗೊತ್ತಿಲ್ಲ, 42 – 18ಕ್ಕೆ ಹಿಂದಕ್ಕೆ ಹೋಗಬೇಕು. 334 ಬರೆದ ಮಗು ನೂರನ್ನು ಒಡೆದು ಹತ್ತು ದಶಕ ಮಾಡಿದೆ, ಅದರಿಂದ ಒಂದು ದಶಕವನ್ನು ಬಿಡಿಗೆ ಕೊಟ್ಟಿದೆ, ಆದರೆ ಕೊಟ್ಟದ್ದನ್ನು ಮರೆತು ಹತ್ತು ಹತ್ತಾಗಿಯೇ ಇಟ್ಟಿದೆ. ಅಲ್ಲಿ 9 ಉಳಿಯಬೇಕಿತ್ತು. 234 ಬರೆದ ಮಗು ಬಿಡಿಗೆ ಬೇಕಾದಾಗ ಸೊನ್ನೆಯನ್ನು ದಾಟಿ ನೇರ ನೂರರಿಂದ ತಂದಿದೆ, ದಶಕಕ್ಕೆ ಬೇಕಾದಾಗ ಮತ್ತೊಮ್ಮೆ ನೂರರಿಂದ ತಂದಿದೆ. ಹೀಗೆ ಐದು ನೂರು ಮೂರಕ್ಕೆ ಇಳಿದಿದೆ.

ಮೂವರಿಗೂ ಸಿಕ್ಕಿದ್ದು ಸೊನ್ನೆ ಅಂಕ. ಮೂವರಿಗೂ ಬೇಕಾದ ಪಾಠ ಬೇರೆ. ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂಡಿಸಿ ಅದೇ ಲೆಕ್ಕವನ್ನು ಕರಿಹಲಗೆಯ ಮೇಲೆ ನಾಲ್ಕನೇ ಸಲ ಬಿಡಿಸಿ ತೋರಿಸಿದರೆ, 334ರ ಮಗು ಒಂದು ವಾರದಲ್ಲಿ ಸುಧಾರಿಸುತ್ತದೆ, 476ರ ಮಗು ಸುಮ್ಮನೆ ನಕಲು ಮಾಡಿಕೊಳ್ಳುತ್ತದೆ. ಕಡ್ಡಿಗಳ ಕಟ್ಟು ಅಥವಾ ಆಟದ ನೋಟು ಕೊಡಿ. ನೂರರ ಐದು ನೋಟು, ಒಂದರ ಎರಡು ನಾಣ್ಯ ಇಟ್ಟು 178 ರೂಪಾಯಿ ಕೊಡು ಅನ್ನಿ. ಒಂದು ನೂರನ್ನು ಚಿಲ್ಲರೆ ಮಾಡಿದಾಗ ಹತ್ತು ಹತ್ತರ ನೋಟು ಬಂದದ್ದು, ಅದರಲ್ಲಿ ಒಂದನ್ನು ಮತ್ತೆ ಮುರಿಸಿದಾಗ ಒಂಬತ್ತು ಉಳಿದದ್ದು ಮಗುವಿನ ಕೈಗೇ ಗೊತ್ತಾಗುತ್ತದೆ. ಕೈಯಲ್ಲಿ ಮಾಡಿದ ಪ್ರತಿ ಹೆಜ್ಜೆಯನ್ನು ಆಗಿಂದಾಗಲೇ ನೋಟುಪುಸ್ತಕದಲ್ಲಿ ಬರೆಸಿ. ಆಟ ಒಂದು ಕಡೆ, ಬರಹ ಇನ್ನೊಂದು ಕಡೆ ಆದರೆ ಎರಡೂ ಕೂಡುವುದಿಲ್ಲ.

ಓದಿಗೂ ಇದೇ ರೀತಿ. ಎರಡನೇ ತರಗತಿಯ ಮಟ್ಟದ 40–50 ಪದಗಳ, ಮಕ್ಕಳು ಮೊದಲು ಓದಿರದ ಒಂದು ಭಾಗ ಆರಿಸಿ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಓದಿಸಿ, ಎರಡು ಪ್ರಶ್ನೆ ಕೇಳಿ. ಒಬ್ಬರಿಗೆ ಮೂರು ನಿಮಿಷ; ದಿನಕ್ಕೆ ಹತ್ತು ಮಕ್ಕಳಂತೆ 30 ಮಕ್ಕಳ ತರಗತಿ ಮೂರು ದಿನದಲ್ಲಿ ಮುಗಿಯುತ್ತದೆ. ತಡವರಿಸಿದ ಪದವನ್ನು ಹಾಗೇ ಗುರುತು ಮಾಡಿ. ‘ಕಾಲುವೆ’, ‘ಹೊಲ’ ಸರಾಗವಾಗಿ ಓದಿ ‘ಭತ್ತ’, ‘ವರ್ಷ’, ‘ವಿದ್ಯಾರ್ಥಿ’ ಬಂದಾಗ ನಿಂತರೆ ತೊಡಕು ಒತ್ತಕ್ಷರ, ಅರ್ಕಾವತ್ತಿನಲ್ಲಿದೆ. ಇಡೀ ವರ್ಣಮಾಲೆ ಮತ್ತೆ ತೀಡಿಸಬೇಕಿಲ್ಲ. ಎಲ್ಲವನ್ನೂ ಓದಿ ಪ್ರಶ್ನೆಗೆ ಉತ್ತರ ಕೊಡದಿದ್ದರೆ ಅದೇ ಪ್ರಶ್ನೆಯನ್ನು ಮನೆಮಾತಿನಲ್ಲಿ ಕೇಳಿ ನೋಡಿ. ಬಳ್ಳಾರಿಯ ಗಡಿಯೂರುಗಳಲ್ಲಿ ತೆಲುಗು, ತಾಂಡಾಗಳಲ್ಲಿ ಲಂಬಾಣಿ, ರಾಯಚೂರು ನಗರದ ಎಷ್ಟೋ ಓಣಿಗಳಲ್ಲಿ ಉರ್ದು ಆಡುವ ಮಕ್ಕಳಿಗೆ ಅಕ್ಷರ ಬಂದಿರುತ್ತದೆ, ಪದದ ಅರ್ಥ ಬಂದಿರುವುದಿಲ್ಲ. ಅಂಥ ಮಗುವಿಗೆ ಕಾಗುಣಿತ ಬರೆಸುವುದು ದಂಡ. ದಿನಾ ಹತ್ತು ನಿಮಿಷ ಚಿತ್ರ ನೋಡಿ ಮಾತಾಡಿಸುವುದು, ಕತೆ ಹೇಳಿ ಹೇಳಿಸುವುದು ಅದಕ್ಕೆ ಬೇಕಾದದ್ದು.

ಯೋಜನೆಯ ಒಂದು ಪುಟ

‘ಹಿಂದುಳಿದ ಮಕ್ಕಳಿಗೆ ಪರಿಹಾರ ಬೋಧನೆ ಕೈಗೊಳ್ಳಲಾಗುವುದು’ ಎಂಬ ವಾಕ್ಯದಲ್ಲಿ ಯಾರು, ಯಾವಾಗ, ಯಾವುದರಿಂದ ಎಂಬ ಒಂದು ಮಾತೂ ಇಲ್ಲ. ಅದು ಆಗದಿದ್ದರೆ ಯಾರನ್ನೂ ಕೇಳುವಂತಿಲ್ಲ. ಬದಲಿಗೆ ಹೀಗೆ ಬರೆಯಿರಿ: ‘5ನೇ ತರಗತಿಯಲ್ಲಿ ದೊಡ್ಡದರಿಂದ ಚಿಕ್ಕದು ಕಳೆಯುವ 11 ಮಕ್ಕಳು. ಜುಲೈ ಎರಡನೇ ವಾರದಿಂದ ಆಗಸ್ಟ್ ಕೊನೆಯವರೆಗೆ. ಮಂಗಳವಾರ, ಶುಕ್ರವಾರ ಮೊದಲ ಅವಧಿಯಲ್ಲಿ 25 ನಿಮಿಷ. ಕಡ್ಡಿ ಕಟ್ಟು, ಆಟದ ನೋಟು. ನಡೆಸುವವರು ಗಣಿತ ಶಿಕ್ಷಕಿ, ಆ ಹೊತ್ತು ಉಳಿದ ಮಕ್ಕಳಿಗೆ ಮಾತಿನ ಲೆಕ್ಕ ಕೊಡುವವರು ಮುಖ್ಯಗುರು. ಕೊನೆಗೆ ಕನಿಷ್ಠ 8 ಮಕ್ಕಳು ನಡುವೆ ಸೊನ್ನೆ ಇರುವ ಎರಡೂ ಲೆಕ್ಕ ತಾವೇ ಬಿಡಿಸಬೇಕು.’ ಅಂಕಿಗಳು ನಿಮ್ಮ ತರಗತಿಯವು ಇರಲಿ. ‘ಉಳಿದ ಮಕ್ಕಳು ಏನು ಮಾಡುತ್ತಾರೆ’ ಎಂಬುದನ್ನು ಮರೆಯಬೇಡಿ. ಬಹುತರಗತಿ ಶಾಲೆಗಳಲ್ಲಿ ಯೋಜನೆ ಮುರಿದು ಬೀಳುವುದು ಆ ಒಂದು ಸಾಲು ಇಲ್ಲದ್ದರಿಂದ. ಶಾಲೆ ಬಿಟ್ಟ ಮೇಲೆ ಇಟ್ಟ ವಿಶೇಷ ತರಗತಿ ಸಹ ನಿಲ್ಲುವುದಿಲ್ಲ: ಬಸ್ಸಿನ ಹೊತ್ತು, ಕತ್ತಲು, ಹಸಿವು ಮೂರೂ ಅಡ್ಡ ಬರುತ್ತವೆ. ದಿನದ ಮೊದಲ ಅವಧಿಯೇ ಒಳ್ಳೆಯದು.

ಶನಿವಾರದ ಇಪ್ಪತ್ತು ನಿಮಿಷ

ವಾರಕ್ಕೊಮ್ಮೆ, ಶನಿವಾರ ಮಕ್ಕಳು ಹೋದ ಮೇಲೆ ಇಪ್ಪತ್ತು ನಿಮಿಷ ಕುಳಿತುಕೊಳ್ಳಿ. ಮಾತು ಒಂದೇ ವಿಷಯದ್ದು, ಮೇಜಿನ ಮೇಲೆ ಆ ವಾರದ ಮೂರು ನೋಟುಪುಸ್ತಕ ಇರಬೇಕು. ಎಷ್ಟು ಅವಧಿ ನಡೆಯಿತು, ಎಷ್ಟು ತಪ್ಪಿತು, ಯಾಕೆ? ಯಾವ ಮಗು ಗುಂಪು ಬದಲಿಸಬೇಕು? ಮುಂದಿನ ವಾರ ಏನನ್ನು ಬಿಡೋಣ, ಏನನ್ನು ಸೇರಿಸೋಣ? ಸುತ್ತೋಲೆ, ಹಾಲಿನ ಪುಡಿಯ ಲೆಕ್ಕ, ಮೊಟ್ಟೆಯ ಬಿಲ್ಲು ಬೇರೆ ಹೊತ್ತಿಗೆ. ತರಬೇತಿ, ಸಮೀಕ್ಷೆ, ಚುನಾವಣಾ ಕೆಲಸದಿಂದ ಅವಧಿ ತಪ್ಪಿದ್ದರೆ ತಾರೀಖಿನ ಸಮೇತ ಬರೆದಿಡಿ. ಸಿಆರ್‌ಪಿ (ಸಮೂಹ ಸಂಪನ್ಮೂಲ ವ್ಯಕ್ತಿ) ಬಂದಾಗ ಮೊದಲು ತೋರಿಸಬೇಕಾದ ಪುಟ ಇದು. ಎಂಟು ವಾರದ 16 ಅವಧಿಗಳಲ್ಲಿ 7 ಮಾತ್ರ ನಡೆದಿದ್ದರೆ ವಿಧಾನ ಸೋತಿತು ಎನ್ನಲಾಗದು, ಅದು ನಡೆದೇ ಇಲ್ಲ.

ಎಂಟು ವಾರ ಮುಗಿದ ಮೇಲೆ ಅದೇ ಕಷ್ಟದ ಲೆಕ್ಕ, ಬೇರೆ ಅಂಕಿಗಳೊಂದಿಗೆ: 502ರ ಜಾಗದಲ್ಲಿ 603 – 247. ಮೊದಲ ಸಲ ಬೆಳಿಗ್ಗೆ ಮಾಡಿದ್ದರೆ ಈಗಲೂ ಬೆಳಿಗ್ಗೆಯೇ. ಮಾರ್ಚ್‌ನ ಬಿಸಿಲು ಏರಿದ ಮಧ್ಯಾಹ್ನ ಓದಿಸಿ ಜೂನ್ ಬೆಳಿಗ್ಗೆಯ ಓದಿಗೆ ಹೋಲಿಸಿದರೆ ಬಂದ ವ್ಯತ್ಯಾಸ ಯಾವುದರದೆಂದು ಹೇಳಲಾಗದು. ಸಾಧ್ಯವಾದರೆ ಪಕ್ಕದ ಶಾಲೆಯ ಶಿಕ್ಷಕರನ್ನು ಕರೆಸಿ ಓದಿಸಿ, ನೀವು ಅವರ ಶಾಲೆಗೆ ಹೋಗಿ. ಕಲಿಸಿದವರೇ ಪರೀಕ್ಷಿಸಿದಾಗ ಮಗು ತಡವರಿಸಿದ ಕಡೆ ಅರಿವಿಲ್ಲದೆ ಮೊದಲ ಅಕ್ಷರ ಹೇಳಿಕೊಡುತ್ತೇವೆ.

ಎಂಟು ಮಕ್ಕಳ ಗುರಿಯಿದ್ದು ಐವರೇ ತಲುಪಿದರೂ ಹಂತ ಬದಲಿಸುವ ಆತುರ ಬೇಡ. ಉಳಿದ ಆರು ಮಕ್ಕಳ ಹಾಜರಾತಿ ಮೊದಲು ನೋಡಿ. ಅವಧಿಗಳಿಗೆ ಬಂದೂ ಕಲಿಯದವರಿಗೆ ವಿಧಾನ ಬದಲಾಗಬೇಕು, ಬಾರದೆ ಇದ್ದವರಿಗೆ ಮನೆಯ ದಾರಿ ಹಿಡಿಯಬೇಕು. ದಸರಾ ನಂತರದ ಸುತ್ತಿಗೆ ಇದೇ ಪಟ್ಟಿಯಿಂದ ಮುಂದುವರಿಸಿ, ಹೊಸ ವಿಷಯ ಹಿಡಿಯಬೇಡಿ.

ಪ್ರೌಢಶಾಲೆಯಲ್ಲೂ ದಾರಿ ಇದೇ, ಸಾಮಗ್ರಿ ಬೇರೆ: ಎಸ್‌ಎಸ್‌ಎಲ್‌ಸಿ ಪೂರ್ವಸಿದ್ಧತಾ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಪ್ರಶ್ನೆವಾರು ತೆಗೆದು, ಖಾಲಿ ಬಿಟ್ಟದ್ದನ್ನೂ ತಪ್ಪು ಬರೆದದ್ದನ್ನೂ ಬೇರೆ ಎಣಿಸಿ. ಬರೆಯದೇ ಬಿಟ್ಟ ಮಗುವಿಗೂ ತಪ್ಪು ಬರೆದ ಮಗುವಿಗೂ ಒಂದೇ ‘ಪಾಸಿಂಗ್ ಪ್ಯಾಕೇಜ್’ (ಪಾಸಾಗುವಷ್ಟನ್ನು ಕಲಿಸುವ ಸಾಮಗ್ರಿ) ಹೊಂದುವುದಿಲ್ಲ.

ಪಾಲಕರ ಮುಂದೆ, ಮುಂದಿನವರ ಕೈಗೆ

ಎಸ್‌ಡಿಎಂಸಿ ಸಭೆಯಲ್ಲಿ ಹಂತಗಳ ಪಟ್ಟಿ ಓದಬೇಡಿ. ಮಗುವಿನ ಹೆಸರು ಮುಚ್ಚಿ ಜೂನ್‌ನ ಒಂದು ಹಾಳೆ, ಆಗಸ್ಟ್‌ನ ಒಂದು ಹಾಳೆ ಪಕ್ಕಪಕ್ಕ ಇಡಿ. ಅಕ್ಷರ ಬಾರದ ತಾಯಿಗೂ ತಪ್ಪು ಗುರುತು ಕಡಿಮೆಯಾದದ್ದು ಕಾಣುತ್ತದೆ. ಅವರಿಂದ ಒಂದೇ ಒಂದು ಕೆಲಸ ಕೇಳಿ, ಆಗುವಂಥದ್ದು: ಆ ಎಂಟು ವಾರ ಮಂಗಳವಾರ, ಶುಕ್ರವಾರ ಮಗುವನ್ನು ಹೊಲಕ್ಕೆ ಕರೆದೊಯ್ಯದೆ ಕಳಿಸುವುದು.

ವರ್ಗಾವಣೆ ಬಂದಾಗ ಕೆಲಸ ಅರ್ಧಕ್ಕೆ ನಿಲ್ಲುವುದು ನಮ್ಮ ಜಿಲ್ಲೆಗಳ ದೊಡ್ಡ ನೋವು. ಅದಕ್ಕಾಗಿ ಒಂದು ತೆಳ್ಳಗಿನ ಫೈಲ್ ಇಡಿ, ನಾಲ್ಕೇ ಕಾಗದ: ಆರಿಸಿದ ಎರಡು ಮಾನದಂಡ ಮತ್ತು ಅವುಗಳ ಸಾಕ್ಷ್ಯ, ಮಕ್ಕಳ ಗುಂಪುಪಟ್ಟಿ ತಾರೀಖಿನೊಂದಿಗೆ, ಒಂದು ಪುಟದ ಯೋಜನೆ, ಶನಿವಾರದ ಟಿಪ್ಪಣಿ. ಪೋರ್ಟಲ್‌ನ ಪ್ರತಿಯನ್ನು ಹಿಂದೆ ಸೇರಿಸಿ. ಪ್ರಭಾರ ವಹಿಸಿಕೊಡುವ ದಿನ ಬೀಗದ ಕೈ, ನಗದು ಪುಸ್ತಕದ ಜೊತೆ ಈ ಫೈಲನ್ನೂ ಪಟ್ಟಿಯಲ್ಲಿ ಬರೆದು ಕೊಡಿ. ಹೊಸದಾಗಿ ಬಂದವರು ಮೊದಲ ಸೋಮವಾರ ಗುಂಪುಪಟ್ಟಿ ಹಿಡಿದು ತರಗತಿಗೆ ಹೋಗಿ ಪ್ರತಿ ಗುಂಪಿನಿಂದ ಇಬ್ಬರಿಗೆ ಒಂದೊಂದು ಲೆಕ್ಕ ಕೊಟ್ಟು ನೋಡಲಿ. ಪಟ್ಟಿ ಸರಿಯಿದ್ದರೆ ಮಂಗಳವಾರದ ಮೊದಲ ಅವಧಿಯಿಂದಲೇ ಮುಂದುವರಿಸಬಹುದು.